ಋಣವೂ ಸಹಿಯೂ

ವಿವಾಹವಿಚ್ಛೇದನದ ದಾವೆಯನ್ನು ಹೂಡಿರುವ ಸೋದರಿಯೊಬ್ಬರು ನಮ್ಮನ್ನು ಕೇಳಿರುವರು: ತಮ್ಮ ಕ್ರೆಡಿಟ್ ಕಾರ್ಡಿನ ಮೇಲೆ ಪತಿಗೆ ಕೊಡಿಸಿದ್ದ ಆಡ್-ಆನ್ ಕಾರ್ಡಿನ ಸಾಲಕ್ಕೆ ಹೊಣೆ ಯಾರು?

ಪತಿಯ ಋಣವನ್ನು ಪತ್ನಿಯು ತೀರಿಸಬೇಕಾದುದಿಲ್ಲ. ತಾನು ಒಪ್ಪಿಕೊಂಡುದನ್ನೂ, ಪತಿಯೊಡಗೂಡಿ ಮಾಡಿದುದನ್ನೂ, ತಾನೇ ಮಾಡಿದುದನ್ನೂ ಮಾತ್ರ ತೀರಿಸತಕ್ಕುದೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸಿರುವುದು. ಇಂದಿನ ನಿಯಮವೂ ಇದಕ್ಕೆ ದೂರವಲ್ಲ. ಪತಿಯು ತನ್ನ ಹೆಸರಿನಲ್ಲಿಯೇ ಪಡೆದ ಕಾರ್ಡಿನ ಸಾಲವು ವಿವಾಹಮಾತ್ರದಿಂದ ಪತ್ನಿಯದಾಗದು. ಆದರೆ ಆಡ್-ಆನ್ ಕಾರ್ಡಿನ ಹೊಣೆ ಮೂಲ ಕಾರ್ಡುದಾರರದೇ ಎಂದು ರಿಸರ್ವ್ ಬ್ಯಾಂಕು 2022ರ ನಿರ್ದೇಶದಲ್ಲಿ ಸ್ಪಷ್ಟಪಡಿಸಿತು. ‘ನಾನೇ ತೀರಿಸುವೆನು’ ಎಂದು ಪತಿಯು ಬರೆದುಕೊಟ್ಟರೂ ಆ ಒಡಂಬಡಿಕೆಯು ದಂಪತಿಗಳ ನಡುವಿನದು. ಬ್ಯಾಂಕನ್ನು ಅದು ಕಟ್ಟಿಹಾಕದು.

ಆದುದರಿಂದ, ಸೋದರಿ, ತೀರ್ಪಿಗಾಗಿ ಕಾಯದೆ ಇಂದೇ ಬ್ಯಾಂಕಿಗೆ ಬರೆದು ಆ ಕಾರ್ಡನ್ನು ರದ್ದುಪಡಿಸಿರಿ, ಸ್ವೀಕೃತಿಪತ್ರವನ್ನು ಜೋಪಾನವಾಗಿಡಿರಿ. ಮನಸ್ಸು ಬೇರೆಯಾದರೂ ಸಹಿಯು ತಾನಾಗಿ ಅಳಿಯದು.