ಊರು ದುಪ್ಪಟ್ಟಾಗುವ ಲೆಕ್ಕ

ಬನವಾಸಿಗೆ ಸಮೀಪದ ಗುಡ್ನಾಪುರದಲ್ಲಿ ವಿಶಾಲವಾದ ಕೆರೆಯೊಂದಿದೆ. ಅಲ್ಲಿ ದೊರೆತ ಕದಂಬ ದೊರೆ ರವಿವರ್ಮನ ಸ್ತಂಭಶಾಸನದ ಭಾಷೆ ಸಂಸ್ಕೃತ. ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿರುವ, ಅದಕ್ಕೂ ಹಳೆಯದಾದ ನಾಗಶಿಲೆಯ ಬರಹ ಪ್ರಾಕೃತದ್ದು. ನಾಡಿನ ಜನರ ಆಡುಮಾತು ಕನ್ನಡ. ರಾಜಧಾನಿ ಎಂದರೆ ಹಲವು ನುಡಿಗಳು ಕೂಡುವ ಜಾಗ ಎಂಬುದು ಹೊಸ ಸಂಗತಿಯೇನಲ್ಲ. ಅಂದಿನ ಆ ರಾಜಧಾನಿ ಇಂದು ಪುಟ್ಟ ಊರು. ಇಲ್ಲಿಯ ಮಕ್ಕಳು ಓದು ಮುಗಿಸಿ ಬಸ್ಸು ಹತ್ತುವುದು ಇಂದಿನ ರಾಜಧಾನಿಯಾದ ಬೆಂಗಳೂರಿಗೆ.

2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65.4 ಲಕ್ಷದಿಂದ 96.2 ಲಕ್ಷಕ್ಕೇರಿತು. ಅಂದರೆ ಶೇಕಡಾ 47ರಷ್ಟು ಹೆಚ್ಚಳ. ಅದೇ ಅವಧಿಯಲ್ಲಿ ಉತ್ತರ ಕನ್ನಡ ಜಿಲ್ಲೆ 13.5 ಲಕ್ಷದಿಂದ 14.4 ಲಕ್ಷಕ್ಕೆ ಬಂತು. ಹೆಚ್ಚಳ ಶೇಕಡಾ 6 ಮಾತ್ರ. 2021ರ ಜನಗಣತಿ ನಡೆಯದ ಕಾರಣ ಈಗಲೂ ಈ ಅಂಕಿಗಳನ್ನೇ ಆಧರಿಸಬೇಕಾಗಿದೆ.

ವಿದ್ಯಾರ್ಥಿಗಳು ನೆನಪಿಡಬಹುದಾದ ಸುಲಭ ಸೂತ್ರವೊಂದಿದೆ. 70ನ್ನು ವಾರ್ಷಿಕ ಶೇಕಡಾವಾರು ಬೆಳವಣಿಗೆಯಿಂದ ಭಾಗಿಸಿದರೆ, ಜನಸಂಖ್ಯೆ ದುಪ್ಪಟ್ಟಾಗಲು ಬೇಕಾಗುವ ವರ್ಷಗಳು ಸಿಗುತ್ತವೆ. ಬೆಂಗಳೂರಿನ ವಾರ್ಷಿಕ ಬೆಳವಣಿಗೆ ಸುಮಾರು ಶೇಕಡಾ 3.9. ಅದೇ ವೇಗದಲ್ಲಿ ಸಾಗಿದರೆ 18 ವರ್ಷಕ್ಕೊಮ್ಮೆ ಅಷ್ಟೇ ದೊಡ್ಡ ಇನ್ನೊಂದು ಊರು ಸೇರಿದಂತೆ. ಉತ್ತರ ಕನ್ನಡದ್ದು ಸುಮಾರು 0.6. ಇಲ್ಲಿ ದುಪ್ಪಟ್ಟಾಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕು.

ಹಾಗಾದರೆ ಬೆಂಗಳೂರಿನಲ್ಲಿ ಹುಟ್ಟುವ ಮಕ್ಕಳೇ ಹೆಚ್ಚೆ? ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಉಳಿಯಲು 2.1 ಬೇಕು. ಜನನದಿಂದ ಮರಣವನ್ನು ಕಳೆದು, ಬಂದವರನ್ನು ಕೂಡಿಸಿ, ಹೋದವರನ್ನು ಕಳೆದರೆ ಊರಿನ ಲೆಕ್ಕ ಸಿಗುತ್ತದೆ. ಬೆಂಗಳೂರಿನ ಲೆಕ್ಕದಲ್ಲಿ ‘ಬಂದವರು’ ಎಂಬ ಅಂಕಿಯೇ ಭಾರವಾದದ್ದು.

ಈ ಬರುವಿಕೆಗೆ ದೀರ್ಘ ಇತಿಹಾಸವಿದೆ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆಗೆ ನೇಕಾರರು, ವ್ಯಾಪಾರಿಗಳು ಬಂದರು. 1809ರಲ್ಲಿ ದಂಡು ಪ್ರದೇಶ ಸ್ಥಾಪನೆಯಾದಾಗ ತಮಿಳು ಮಾತಾಡುವ ಸೈನಿಕರೂ ಕೆಲಸಗಾರರೂ ನೆಲೆಸಿದರು. 1940ರಲ್ಲಿ ವಿಮಾನ ಕಾರ್ಖಾನೆ ಆರಂಭವಾಯಿತು. 1941ರಲ್ಲಿ ಸುಮಾರು 4 ಲಕ್ಷವಿದ್ದ ನಗರದ ಜನಸಂಖ್ಯೆ 1951ರ ಹೊತ್ತಿಗೆ 7.8 ಲಕ್ಷವಾಗಿತ್ತು. ಬಳಿಕ ಸಾರ್ವಜನಿಕ ಉದ್ದಿಮೆಗಳು, 1985ರಿಂದೀಚೆಗೆ ಸಾಫ್ಟ್‌ವೇರ್ ಕಂಪನಿಗಳು ದೇಶದ ಎಲ್ಲ ಕಡೆಯಿಂದ ಜನರನ್ನು ಕರೆತಂದವು. 2011ರಲ್ಲಿ ಅಲ್ಲಿ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದವರು ಹತ್ತರಲ್ಲಿ ನಾಲ್ವರಿಗಿಂತ ತುಸು ಹೆಚ್ಚು. ಉಳಿದವರಲ್ಲಿ ತಮಿಳು, ತೆಲುಗು, ಉರ್ದು ಮನೆಮಾತಿನವರು ಬಹಳ. ಆದರೂ ತಿಗಳರ ಕರಗ ಇಂದಿಗೂ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿಯೇ ಮುಂದೆ ಸಾಗುತ್ತದೆ. ಕೂಡಿ ಬಾಳುವುದನ್ನು ಆ ಊರು ಹಿಂದೆಯೇ ಕಲಿತಿದೆ.

ಕಷ್ಟ ಇರುವುದು ನೆಲ ಮತ್ತು ನೀರಿನ ವಿಚಾರದಲ್ಲಿ. ಉತ್ತರ ಕನ್ನಡದಲ್ಲಿ ಚದರ ಕಿಲೋಮೀಟರಿಗೆ 140 ಜನರಿದ್ದರೆ ಬೆಂಗಳೂರು ನಗರ ಜಿಲ್ಲೆಯಲ್ಲಿ 4,381. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಬಸ್ ನಿಲ್ದಾಣ ಬಂತು. ಸಂಪಂಗಿ ಕೆರೆಯ ಜಾಗದಲ್ಲಿ ಕ್ರೀಡಾಂಗಣ ಎದ್ದಿತು. ಕಾವೇರಿಯ ನೀರನ್ನು 1974ರಿಂದ ಸುಮಾರು 100 ಕಿಲೋಮೀಟರ್ ದೂರದಿಂದ ಪಂಪು ಮಾಡಿ ತರಲಾಗುತ್ತಿದೆ. 2024ರ ಬೇಸಿಗೆಯಲ್ಲಿ ಅನೇಕ ಬಡಾವಣೆಗಳು ಟ್ಯಾಂಕರಿಗಾಗಿ ಕಾದವು.

ಅಲ್ಲಿ ಕೂಡಿಸಿದ ಅಂಕಿಯನ್ನು ಇನ್ನೆಲ್ಲೋ ಕಳೆಯಲೇಬೇಕು. ಅಡಿಕೆ ತೋಟದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಉಳಿದರೆ, ಹಳ್ಳಿಯ ಶಾಲೆಯ ಹಾಜರಿ ಪುಸ್ತಕ ತೆಳ್ಳಗಾದರೆ, ಅದು ಬೆಂಗಳೂರಿನ ಲೆಕ್ಕದ ಇನ್ನೊಂದು ಪುಟವೇ. ಹೋಗುವುದು ತಪ್ಪಲ್ಲ, ಓದಿಗೆ ತಕ್ಕ ಕೆಲಸ ಇರುವಲ್ಲಿಗೆ ಜನ ಹೋಗುತ್ತಾರೆ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲೇ ಅಂಥ ಕೆಲಸಗಳು ಹುಟ್ಟಿದರೆ ಎರಡೂ ಕಡೆಯ ಭಾರ ಇಳಿಯುತ್ತದೆ. ವಿದ್ಯಾರ್ಥಿಗಳು ಈ ರಜೆಯಲ್ಲಿ ತಮ್ಮ ಕೇರಿಯ ಹತ್ತು ಮನೆಗಳ ಲೆಕ್ಕ ಬರೆಯಲಿ: ಹುಟ್ಟಿದವರೆಷ್ಟು, ತೀರಿಕೊಂಡವರೆಷ್ಟು, ಬಂದವರೆಷ್ಟು, ಹೋದವರೆಷ್ಟು. ಹೋದವರು ಏಕೆ ಹೋದರು ಎಂಬುದನ್ನೂ ಹಿರಿಯರ ಜೊತೆ ಕೂತು ಬರೆದಿಡಲಿ.