ತಂತಿ ಬದಲಿಸುವ ಮುನ್ನ

ದೀಪಾವಳಿಯ ರಜೆ ಮುಗಿದು ಶಾಲೆ ಆರಂಭವಾದ ವಾರದಲ್ಲಿ ಪಾಲಕರೊಬ್ಬರು ದ್ರಾಕ್ಷಿ ತೋಟದ ಕೆಲಸ ಬಿಟ್ಟು ನಮ್ಮನ್ನು ಕಾಣಲು ಬಂದರು. ಮಗನ ಅಂಕಗಳ ವಿಚಾರವಿರಬಹುದೆಂದು ನಾವು ತಿಳಿದೆವು. ಆದರೆ ಅವರು ಕೇಳಿದ್ದು ಬೇರೆ.

"ಸರ, ಹೊಸಾ ಟಿ.ವಿ. ತಂದ ಮ್ಯಾಲೆ ನಮ್ಮ ಹುಡುಗನ ಗೇಮಿನ ಚಿತ್ರಕ್ಕ ಬಣ್ಣಾನ ಬರವಲ್ದು. ವಾಯರ್ ಕೆಟ್ಟೈತಿ ಅಂದ, ತಂದು ಕೊಟ್ಟೆ. ಈಗ ಅದಕ್ಕಿಂತಾ ತುಟ್ಟೀದು ಬೇಕಂತಾನ. ಇದು ಖರೇನೋ, ನನಗ ತಿಳಿಯಂಗಿಲ್ಲಂತ ಟೊಪಿಗಿ ಹಾಕಾಕತ್ತಾನೋ?"

ಹುಡುಗನನ್ನು ಕರೆಸಿ ಕೇಳಿದೆವು. "ತುಟ್ಟೀದು ಛಲೋ ಇರತೈತಂತ ಎಲ್ಲಾರೂ ಅಂತಾರ್ರಿ ಸರ" ಎಂದನೇ ಹೊರತು ಏಕೆ ಎಂಬುದನ್ನು ಹೇಳಲಾರದೆ ಹೋದ. ಅವನು ಸುಳ್ಳು ಹೇಳುತ್ತಿರಲಿಲ್ಲ. ತಾನು ಕೇಳುತ್ತಿರುವುದು ಏನೆಂದು ಅವನಿಗೇ ತಿಳಿದಿರಲಿಲ್ಲ. ತಂದೆಗೆ ಮಗನ ಮೇಲೆ ಸಂಶಯ, ಮಗನಿಗೆ ತಂದೆಯ ಮೇಲೆ ಸಿಟ್ಟು. ಕೆಲವು ನೂರು ರೂಪಾಯಿಯ ತಂತಿಗಾಗಿ ಒಂದು ಮನೆಯಲ್ಲಿ ವಿಶ್ವಾಸ ಕೆಡುವುದು ನಮಗೆ ಸರಿ ಕಾಣಲಿಲ್ಲ. ನಾವು ಕನ್ನಡ ಕಲಿಸುವವರು, ಯಂತ್ರ ಬಲ್ಲವರಲ್ಲ. ಆದರೂ ಓದಿ, ವಿಚಾರಿಸಿ, ಇಷ್ಟನ್ನು ತಿಳಿದುಕೊಂಡೆವು.

ಗೇಮ್ ಪೆಟ್ಟಿಗೆಯಿಂದ ಟಿ.ವಿ.ಗೆ ಚಿತ್ರ ಹೋಗುವ ದಾರಿಗಳು ಹಲವು. ಬಹಳ ಹಳೆಯದು ಆಂಟೆನಾದ ದಾರಿ. ಅದರಲ್ಲಿ ಪೆಟ್ಟಿಗೆಯು ಚಿಕ್ಕದೊಂದು ಪ್ರಸಾರ ಕೇಂದ್ರದಂತೆ ಚಿತ್ರವನ್ನೂ ಧ್ವನಿಯನ್ನೂ ಕೂಡಿಸಿ ಕಳಿಸುತ್ತದೆ. ಚಾನೆಲ್ ತಿರುವಿ ಅದನ್ನು ಹಿಡಿಯಬೇಕು. ಪರದೆಯ ಮೇಲೆ ಚುಕ್ಕೆ, ಗೆರೆ ತಪ್ಪಿದ್ದಲ್ಲ. ಎರಡನೆಯದು ಹಳದಿ, ಬಿಳಿ, ಕೆಂಪು ಪಿನ್ನುಗಳದು. ಬಿಳಿ ಮತ್ತು ಕೆಂಪು ಧ್ವನಿಗೆ; ಹಳದಿಯೊಂದೇ ಚಿತ್ರಕ್ಕೆ. ಆ ಒಂದು ತಂತಿಯಲ್ಲಿಯೇ ಬೆಳಕು-ನೆರಳಿನ ಅಂಶವೂ ಬಣ್ಣದ ಅಂಶವೂ ಬೆರೆತು ಸಾಗುತ್ತವೆ. ಇದಕ್ಕೊಂದು ಇತಿಹಾಸವಿದೆ. ಟಿ.ವಿ. ಮೊದಲು ಕಪ್ಪು-ಬಿಳುಪಾಗಿತ್ತು. ನಮ್ಮ ದೇಶದಲ್ಲಿ 1959ರಲ್ಲಿ ದಿಲ್ಲಿಯಿಂದ ಪ್ರಸಾರ ಆರಂಭವಾದರೂ ಬಣ್ಣ ಬಂದದ್ದು 1982ರಲ್ಲಿ. ಹಳೆಯ ಸೆಟ್ಟುಗಳಲ್ಲಿಯೂ ಚಿತ್ರ ಕಾಣುವಂತಿರಬೇಕೆಂದು, ಬಣ್ಣವನ್ನು ಶೋಧಿಸಿದವರು ಅದನ್ನು ಹಳೆಯ ಸಂಕೇತದೊಳಗೇ ಸೇರಿಸಿದರು. ಬೆರೆತುದನ್ನು ಟಿ.ವಿ. ಮತ್ತೆ ಬೇರ್ಪಡಿಸುವಾಗ ಬಣ್ಣ ಅಂಚು ದಾಟಿ ಸ್ವಲ್ಪ ಹರಡುತ್ತದೆ.

ಮೂರನೆಯದರಲ್ಲಿ ಚಿತ್ರಕ್ಕೆಂದೇ ಹಸಿರು, ನೀಲಿ, ಕೆಂಪು ಎಂಬ ಮೂರು ತಂತಿಗಳಿವೆ. ಹಸಿರಿನಲ್ಲಿ ಬೆಳಕು-ನೆರಳು, ಉಳಿದೆರಡರಲ್ಲಿ ಬಣ್ಣದ ಅಂಶ. ಬೆರೆಸುವ ಗೊಡವೆಯಿಲ್ಲದ್ದರಿಂದ ಚಿತ್ರ ತಿಳಿಯಾಗುತ್ತದೆ. ನಾಲ್ಕನೆಯದು 2002ರಲ್ಲಿ ರೂಪುಗೊಂಡ ಎಚ್.ಡಿ.ಎಂ.ಐ. ಇದು ಚಿತ್ರವನ್ನು ಸೊನ್ನೆ ಮತ್ತು ಒಂದು ಎಂಬ ಅಂಕಿಗಳಾಗಿ ಕಳಿಸುತ್ತದೆ. ಇಂದು ಅಂಗಡಿಗೆ ಬರುವ ಟಿ.ವಿ.ಗಳಲ್ಲಿ ಇರುವುದು ಮುಖ್ಯವಾಗಿ ಇದೇ.

ಆದ್ದರಿಂದ ಹುಡುಗನ ಮಾತು ಅರ್ಧ ನಿಜ. ಆಂಟೆನಾದಿಂದ ಹಳದಿ ಪಿನ್ನಿಗೆ, ಹಳದಿಯಿಂದ ಮೂರು ತಂತಿಗೆ ಅಥವಾ ಎಚ್.ಡಿ.ಎಂ.ಐ.ಗೆ ಹೋದರೆ ಚಿತ್ರ ಕಣ್ಣಿಗೆ ಕಾಣುವಷ್ಟು ಸುಧಾರಿಸುತ್ತದೆ. ಆದರೆ ಆ ದಾರಿ ಪೆಟ್ಟಿಗೆಯಲ್ಲಿಯೂ ಟಿ.ವಿ.ಯಲ್ಲಿಯೂ ಇರಬೇಕು. ಅದೇ ಜಾತಿಯಲ್ಲಿ ಬೆಲೆ ಹೆಚ್ಚಿನದನ್ನು ಕೊಳ್ಳುವುದು ಬೇರೆ ಮಾತು. ಎಚ್.ಡಿ.ಎಂ.ಐ.ಯಲ್ಲಂತೂ ಅಂಕಿಗಳು ತಪ್ಪಿಲ್ಲದೆ ತಲುಪಿದರೆ ಅಗ್ಗದ ತಂತಿಯ ಚಿತ್ರವೂ ತುಟ್ಟಿಯ ತಂತಿಯ ಚಿತ್ರವೂ ಒಂದೇ. ತಲುಪದಿದ್ದರೆ ಪರದೆಯಲ್ಲಿ ಮಿಣುಕು ಚುಕ್ಕೆಗಳು ಬರುತ್ತವೆ, ಇಲ್ಲವೆ ಚಿತ್ರವೇ ಹೋಗುತ್ತದೆ. ಚಿನ್ನದ ಲೇಪ ಪಿನ್ನಿಗೆ ತುಕ್ಕು ಹಿಡಿಯದಂತೆ ಕಾಯಬಹುದು. ಚಿತ್ರಕ್ಕೆ ಹೊಸ ಬಣ್ಣ ತರಲಾರದು.

ಇನ್ನೊಂದು ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಲಿ. ನಮ್ಮ ಕಡೆಯ ಮನೆಗಳಲ್ಲಿ ಕ್ಯಾಸೆಟ್ ಹಾಕಿ ಆಡುವ ಗೇಮ್ ಪೆಟ್ಟಿಗೆಗಳು ಬಹುತೇಕ ಜಪಾನಿನಲ್ಲಿ 1983ರಲ್ಲಿ ಬಂದ ನಿಂಟೆಂಡೊ ಕಂಪನಿಯ ಯಂತ್ರದ ಅನುಕರಣೆಗಳು. ಅದರ ಚಿತ್ರದಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 240 ಬಿಂದುಗಳು, ಗುಣಿಸಿದರೆ 61,440. ಇಂದಿನ 'ನಾಲ್ಕು ಕೆ' ಪರದೆಯಲ್ಲಿ 3,840 ಮತ್ತು 2,160, ಗುಣಿಸಿದರೆ 82,94,400. ಭಾಗಿಸಿ ನೋಡಿ: 135 ಪಟ್ಟು. ಅಂದರೆ ಹಳೆಯ ಒಂದು ಬಿಂದುವನ್ನು ಹಿಗ್ಗಿಸಿ ಹೊಸ ಪರದೆ 135 ಬಿಂದುಗಳ ಜಾಗ ತುಂಬಬೇಕು. ಪೆಟ್ಟಿಗೆಯಲ್ಲಿ ಇಲ್ಲದ ಬಿಂದುಗಳನ್ನು ತಂತಿ ಎಲ್ಲಿಂದ ತಂದೀತು? ತೋಟದ ಪಂಪು ಎರಡಿಂಚು ನೀರೆತ್ತುತ್ತಿರುವಾಗ ನಾಲ್ಕಿಂಚಿನ ಪೈಪು ಹಾಕಿದರೆ ನೀರು ಹೆಚ್ಚುವುದಿಲ್ಲವೆಂಬುದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಹಾಗೆಯೇ ಪಂಪು ದೊಡ್ಡದಾದಾಗ ಸಣ್ಣ ಪೈಪು ಸಾಲದೆಂಬುದೂ ಅವರಿಗೆ ಗೊತ್ತು. ಹೊಸ ಕಾಲದ ಯಂತ್ರಗಳು ಸೆಕೆಂಡಿಗೆ 120 'ನಾಲ್ಕು ಕೆ' ಚಿತ್ರ ಕಳಿಸುವಾಗ ಅದನ್ನು ತಡೆದುಕೊಳ್ಳುವ 'ಅಲ್ಟ್ರಾ ಹೈಸ್ಪೀಡ್' ತಂತಿಯೇ ಬೇಕು. ಅಲ್ಲಿ ಅದಕ್ಕೆ ಹಣ ಕೊಡುವುದು ನ್ಯಾಯ.

ಇಷ್ಟು ತಿಳಿದ ಮೇಲೆ ನಾವು ಹುಡುಗನಿಗೆ ಒಂದು ಕೆಲಸ ಹೇಳಿದೆವು. "ಯಾವ ಪಿನ್ನು ಯಾವ ಸಾಕೆಟ್ಟಿನಲ್ಲಿದೆ, ಪಕ್ಕದಲ್ಲಿ ಏನು ಬರೆದಿದೆ, ಎಲ್ಲವನ್ನೂ ಕಾಗದದ ಮೇಲೆ ಬರೆದುಕೊಂಡು ಬಾ." ಮರುದಿನ ಅವನು ಗಂಟೆ ಬಾರಿಸುವ ಮೊದಲೇ ಬಂದು ನಿಂತಿದ್ದ. ಹಳದಿ ಪಿನ್ನು ಹಸಿರು ಸಾಕೆಟ್ಟಿನಲ್ಲಿ ಕುಳಿತಿತ್ತು! ಹಸಿರು ಬೆಳಕು-ನೆರಳನ್ನಷ್ಟೇ ಓದುತ್ತದೆ. ಆದ್ದರಿಂದ ಚಿತ್ರ ಕಪ್ಪು-ಬಿಳುಪಾಗಿತ್ತು. ಬದಲಿಸಿದೊಡನೆ ಬಣ್ಣ ಬಂದಿತ್ತು, ಅದೂ ಹಳೆಯ ತಂತಿಯಲ್ಲಿಯೇ. "ಅಪ್ಪಗ ಹೇಳಿದಿಯೇನೋ?" ಎಂದು ಕೇಳಿದೆವು. "ಹೇಳೇನ್ರಿ ಸರ. ಕಾಗದ ತೋರಿಸಿ ಹೇಳೇನ್ರಿ. ಅಪ್ಪ ಎರಡ ಸಲ ಕೇಳಿ ತಿಳಕೊಂಡ್ರು" ಎಂದ. ಅವನ ಮುಖದಲ್ಲಿದ್ದ ಸಂತೋಷ ಆಟ ಗೆದ್ದ ಸಂತೋಷಕ್ಕಿಂತ ದೊಡ್ಡದಾಗಿತ್ತು.

ನಮ್ಮ ಪಕ್ಕದ ಮಿರಜದಲ್ಲಿ ಸಿತಾರ, ತಂಬೂರಿ ಮಾಡುವ ಕುಶಲಿಗರಿದ್ದಾರೆ. ಅಲ್ಲಿಯ ತಂಬೂರಿಯ ನಾದ ತುಂಬಿ ಬರದಿದ್ದರೆ ಬಲ್ಲವರು ಕೂಡಲೇ ಹೊಸ ತಂತಿ ಹಾಕುವುದಿಲ್ಲ. ಕುದುರೆಯ ಮೇಲೆ, ತಂತಿಯ ಕೆಳಗೆ ಇಟ್ಟಿರುವ ನೂಲಿನ ಎಳೆಯನ್ನು ಕೂದಲೆಳೆಯಷ್ಟು ಸರಿಸಿ ನೋಡುತ್ತಾರೆ. ದೋಷ ಎಲ್ಲಿದೆಯೆಂದು ಮೊದಲು ಕಂಡುಕೊಳ್ಳುವುದು, ಆಮೇಲೆ ಕೈ ಹಾಕುವುದು ಅವರ ಪದ್ಧತಿ. ನಮ್ಮ ಮಕ್ಕಳು ಅವರಿಂದ ಕಲಿಯಬೇಕು.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟು. ಮಕ್ಕಳು ಇಂಥ ವಸ್ತು ಕೇಳಿದಾಗ "ಅದೆಲ್ಲಾ ಬ್ಯಾಡ" ಎಂದು ಬಾಯಿ ಮುಚ್ಚಿಸುವುದೂ ತಪ್ಪು, ಅಳುವನ್ನು ತಾಳಲಾರದೆ ಕೊಡಿಸಿಬಿಡುವುದೂ ತಪ್ಪು. "ನನಗ ತಿಳಿಯುವಂಗ ಹೇಳು, ಆಮ್ಯಾಲೆ ನೋಡೂಣು" ಎನ್ನಿರಿ. ನಿಮಗೆ ತಿಳಿಯದಿದ್ದರೆ ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ತಿಳಿಸುವ ಹೊಣೆ ಕೇಳಿದವರದು. ಆಟಕ್ಕೆ ಎಷ್ಟು ಹೊತ್ತು ಎಂಬ ಪ್ರಶ್ನೆ ಬೇರೆಯೇ ಇದೆ. ಅದನ್ನು ತಂತಿಯ ಜಗಳದಲ್ಲಿ ಬೆರೆಸಬೇಡಿರಿ.

ವಿದ್ಯಾರ್ಥಿಗಳೇ, ನಿಮ್ಮ ಮುಂದೆ ಮೂರು ಭಾಷೆಗಳಿವೆ. ಸಾಕೆಟ್ಟಿನ ಪಕ್ಕದ ಅಕ್ಷರಗಳು ಇಂಗ್ಲಿಷಿನಲ್ಲಿರುತ್ತವೆ. ಅಂಗಡಿಯಲ್ಲಿ ವಿಚಾರಿಸಬೇಕಾದದ್ದು ಮರಾಠಿಯಲ್ಲಿ. ಮನೆಯಲ್ಲಿ ಅಪ್ಪ-ಅವ್ವನಿಗೆ ತಿಳಿಸಿ ಹೇಳಬೇಕಾದದ್ದು ಕನ್ನಡದಲ್ಲಿ. ಕನ್ನಡ ಶಾಲೆಯಲ್ಲಿ ಓದಿದವರಿಗೆ ಯಂತ್ರದ ವಿಷಯ ತಿಳಿಯದೆಂದು ಹೇಳುವವರು ನಮ್ಮ ಊರಲ್ಲಿಯೂ ಇದ್ದಾರೆ. ಓದಿದ್ದನ್ನು ಮನೆಯ ಮಾತಿನಲ್ಲಿ ಬಿಡಿಸಿ ಹೇಳಬಲ್ಲವನಿಗೇ ಅದು ನಿಜವಾಗಿ ತಿಳಿದಿದೆ ಎಂದು ನಾವು ನಂಬುತ್ತೇವೆ. ಆ ಹುಡುಗ ಬರೆದ ಕಾಗದವನ್ನು ನಾವು ಈಗಲೂ ನಮ್ಮ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೇವೆ. ನೋಡಬಯಸುವವರು ಬಂದು ನೋಡಬಹುದು.