ಪರಸ್ಥಳದ ಪ್ರೇಕ್ಷಕ
ದಕ್ಷಿಣ ಅಮೆರಿಕದ ಚಿತ್ರಮಂದಿರಗಳಲ್ಲಿ ಚಲನಚಿತ್ರವು ಸಾಮಾನ್ಯವಾಗಿ ತಡೆಯಿಲ್ಲದೆ ಮುಗಿಯುವುದರಿಂದ, ಅಲ್ಲಿಂದ ಉತ್ತರ ಬೆಂಗಳೂರಿಗೆ ಬಂದವರನ್ನು ಬೆರಗುಗೊಳಿಸುವುದು ಮಧ್ಯಂತರ, ಎಂದರೆ ಕಥೆಯನ್ನು ಕುತೂಹಲದ ತುದಿಯಲ್ಲಿ ನಿಲ್ಲಿಸಿ, ದೀಪ ಹೊತ್ತಿಸಿ, ಪ್ರೇಕ್ಷಕರನ್ನು ಪಾಪ್‌ಕಾರ್ನ್ ಸಾಲಿಗೆ ಕಳುಹಿಸುವ ವಿರಾಮ. ಆರಂಭದಲ್ಲಿ ರಾಷ್ಟ್ರಗೀತೆ ಮೊಳಗಿದೊಡನೆ ಸಭಾಂಗಣವೇ ಎದ್ದು ನಿಲ್ಲುವುದೂ ಅವರಿಗೆ ಹೊಸದು. 2016ರಲ್ಲಿ ಗೀತೆ ನುಡಿಸುವುದನ್ನು ಕಡ್ಡಾಯಗೊಳಿಸಿದ್ದ ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಐಚ್ಛಿಕಗೊಳಿಸಿದರೂ ರೂಢಿ ಅಳಿದಿಲ್ಲ. ಭಾಷೆಯ ತೊಡಕನ್ನು ನೀಗುವುದು ಅಡಿಬರಹ, ಅಂದರೆ ಸಂಭಾಷಣೆಯ ಅನುವಾದವನ್ನು ಪರದೆಯ ಕೆಳಭಾಗದಲ್ಲಿ ತೋರಿಸುವ ಸಾಲುಗಳು. ಯಶವಂತಪುರಕ್ಕೆ ಹತ್ತಿರದ ಒರಾಯನ್ ಮಾಲ್‌ನಲ್ಲಿ 2025ರ ಮಾರ್ಚ್‌ನಲ್ಲಿ ನಡೆದ 16ನೇ ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಹೊರದೇಶಗಳ ಚಿತ್ರಗಳು ಇಲ್ಲಿನವರನ್ನು ತಲುಪಿದ್ದು ಈ ಸಾಲುಗಳಿಂದಲೇ. ನಿತ್ಯದ ಪ್ರದರ್ಶನಗಳಲ್ಲಿ ಎಲ್ಲ ಕನ್ನಡ ಚಿತ್ರಗಳಿಗೂ ಅವು ದೊರೆತರೆ ಪರಸ್ಥಳದವರೂ ಕನ್ನಡದ ಪ್ರೇಕ್ಷಕರಾಗುತ್ತಾರೆ.